ಪಂಚಾಕ್ಷರಯ್ಯನವರ ಅರ್ಧ ಗಡ್ಡ

ತಿಪಟೂರಿನ ಕ್ಷೌರಿಕ ರಂಗಧಾಮ ಅಂಗಡಿ ಬಾಗಿಲು ತೆಗೆದು ಟಿವಿ ಹಾಕಿದ್ದನಷ್ಟೇ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪಂಚಾಕ್ಷರಯ್ಯನವರು ಬುಸುಗುಡುತ್ತಾ ಒಳಗೆ ಬಂದರು.

"ಲೋ ರಂಗಧಾಮ, ನಿನ್ನ ಟಿವಿಯಲ್ಲಿ ಆ ಕೋಟಿನವನು ಹೇಳಿದ ಅಂತಲೇ ನಾನು ಆ ಷೇರು ತಗೊಂಡಿದ್ದು. ಈಗ ಅದು ಮಣ್ಣು ಮುಕ್ಕಿ ಕೂತಿದೆ. ಚಾನೆಲ್ ಹಾಕಿದವನು ನೀನು, ಜವಾಬ್ದಾರಿ ನಿಂದು. ಇನ್ನು ನಾನು ಸಾಯೋವರೆಗೂ ಪುಕ್ಕಟೆ ಶೇವಿಂಗ್ ಮಾಡಬೇಕು!"

"ಆಗಲಿ ಸಾರ್, ಕೂತ್ಕೊಳ್ಳಿ," ಅಂದ ರಂಗಧಾಮ. ಬೋಣಿ ಹೊತ್ತಿನಲ್ಲಿ ಜಗಳ ಅವನಿಗೆ ಬೇಕಿರಲಿಲ್ಲ.

ಎಡಗೆನ್ನೆ ನುಣ್ಣಗಾಯಿತು. ಅಷ್ಟರಲ್ಲಿ ಟಿವಿಯಲ್ಲಿ ಜ್ಯೋತಿಷಿಯೊಬ್ಬ ಗುಡುಗಿದ: "ಸಿಂಹ ರಾಶಿಯವರೇ, ಇವತ್ತು ಮೈಗೆ ಕಬ್ಬಿಣ ತಾಕಿಸಬೇಡಿ!"

ರಂಗಧಾಮ ಕತ್ತಿ ಕೆಳಗಿಟ್ಟು ಕೈಕಟ್ಟಿ ನಿಂತ. "ನಿಮ್ಮದು ಸಿಂಹ ರಾಶಿ ಅಲ್ವಾ ಸಾರ್? ಉಳಿದಿದ್ದು ನಾಳೆ ಮಾಡೋಣ."

"ಹತ್ತು ಗಂಟೆಗೆ ಕಾಲೇಜಿನಲ್ಲಿ ನನ್ನ ಭಾಷಣ ಇದೆ ಕಣಯ್ಯಾ! ಜಾಣತನದಿಂದ ದುಡ್ಡು ಬೆಳೆಸೋದು ಹೇಗೆ ಅಂತ!"

"ಚಾನೆಲ್ ಹಾಕಿದವನು ನಾನು ಸಾರ್. ಏನಾದ್ರೂ ಆದ್ರೆ ಜವಾಬ್ದಾರಿ ನಂದೇ ತಾನೆ?"

ಪಂಚಾಕ್ಷರಯ್ಯನವರು ಕನ್ನಡಿ ನೋಡಿಕೊಂಡರು. ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಬರೀ ನೊರೆ.

"ಅವನು ಹೊಟ್ಟೆಪಾಡಿಗೆ ಏನೋ ಒದರ್ತಾನೆ! ಕೇಳೋದು ಬಿಡೋದು ನಮಗೆ ಸೇರಿದ್ದು. ಮುಖ ನಂದು, ಏನಾದ್ರೂ ಆದ್ರೆ ನಾನೇ ಅನುಭವಿಸ್ತೀನಿ. ಮುಗಿಸು!"

"ಇದನ್ನೇ ಭಾಷಣದಲ್ಲೂ ಹೇಳಿಬಿಡಿ ಸಾರ್," ಅಂದು ರಂಗಧಾಮ ಕತ್ತಿ ಎತ್ತಿಕೊಂಡ.

ಪಂಚಾಕ್ಷರಯ್ಯನವರು ಗದ್ದ ಮೇಲೆತ್ತಿ ಕೂತರು. ಕತ್ತಿ ಗಂಟಲ ಹತ್ತಿರವೇ ಇತ್ತು. ಮುಗಿದ ಮೇಲೆ ಎದ್ದು, ಶೇವಿಂಗ್ ದುಡ್ಡು ಮೇಜಿನ ಮೇಲಿಟ್ಟು ಹೊರಟರು. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು:

"ಅಂದಹಾಗೆ, ಆ ಕೋಟಿನವನು ಇವತ್ತು ಎಷ್ಟು ಗಂಟೆಗೆ ಬರ್ತಾನೆ?"