ಮಧ್ಯಾಹ್ನದ ಗೆರೆ

“ಗುರುಗಳೇ, ಧ್ಯಾನಕ್ಕೆ ಕೂತರೆ ಈಗ ಎಲ್ಲ ಯೋಚನೆಗಳೂ ಅಡಗುತ್ತವೆ. ಒಂದು ಮಾತ್ರ ದಿನವೂ ಅದೇ ಹೊತ್ತಿಗೆ ಬರುತ್ತದೆ. ಅದನ್ನೂ ತೆಗೆಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ತೆಗೆಯುವುದೇನು ಮಹಾ, ತೆಗೆಯಬಹುದು ಎಂದರು ಗುರುಗಳು. ಮೊದಲು ಸುಮ್ಮನೆ ಕೂತು ಕೇಳು ಎಂದು ಈ ಕತೆ ಹೇಳಿದರು.

ಒಬ್ಬ ಹರಳುಗಾರನಿದ್ದ. ಮೂಸೆಯಲ್ಲಿ ಅದಿರನ್ನು ಕರಗಿಸಿ, ಆ ಪಾಕಕ್ಕೆ ಸಣ್ಣ ಹರಳೊಂದನ್ನು ಬೀಜವಾಗಿ ತಾಗಿಸುತ್ತಿದ್ದ. ಮೂಸೆಯನ್ನು ಕಾಲಿನಿಂದ ಒಂದು ದಿಕ್ಕಿಗೆ, ಬೀಜವನ್ನು ಕೈಯಿಂದ ಇನ್ನೊಂದು ದಿಕ್ಕಿಗೆ ತಿರುಗಿಸುತ್ತ ದಿನಗಟ್ಟಲೆ ಮೆಲ್ಲಗೆ ಮೇಲೆತ್ತಿದರೆ, ಪಾಕ ಬೀಜಕ್ಕೆ ಅಂಟಿ ಹರಳಾಗಿ ಬೆಳೆಯುತ್ತಿತ್ತು. ನಡುವೆ ಪಾಕ ಕದಡಿತೋ, ತಿರುಗುವುದು ತಡೆಯಿತೋ, ಹರಳಿನೊಳಗೆ ಒಂದು ಗೆರೆ ಬೀಳುತ್ತಿತ್ತು.

ಹೆಂಡತಿ ಸತ್ತ ಮೇಲೆ ಅವನಿಗೆ ಒಂದೇ ಹಟ ಹಿಡಿಯಿತು. ಗೆರೆಯಿಲ್ಲದ ಹರಳು ಬೆಳೆಸಬೇಕು. ಒಲೆಯ ಸುತ್ತ ದೊಡ್ಡ ದೊಡ್ಡ ಸೂಜಿಗಲ್ಲುಗಳನ್ನು ನಿಲ್ಲಿಸಿದ. ಅವುಗಳ ಸೆಳೆತಕ್ಕೆ, ಯಾರೋ ಹಿಡಿದುಕೊಂಡಂತೆ, ಪಾಕದ ಹೊಯ್ದಾಟ ನಿಂತಿತು. ಹರಳನ್ನು ಬಿಸಿಲಿಗೆ ಹಿಡಿದು ನೋಡಿದ. ತಿಳಿಯಾಗಿತ್ತು. ಆದರೆ ದಿನಕ್ಕೊಂದರಂತೆ, ಬೆರಳಗಲ ಬಿಟ್ಟು ಬಿಟ್ಟು, ತೆಳುವಾದ ಗೆರೆಗಳಿದ್ದವು. ಇನ್ನಷ್ಟು ಸೂಜಿಗಲ್ಲು ತರಿಸಿದ. ಗೆರೆ ಹೋಗಲಿಲ್ಲ.

ದಿನವೂ ಯಾರೋ ಒಳಗೆ ಬಂದು ಹೋಗುತ್ತಿದ್ದಾರೆ ಎಂದು ಅವನಿಗೆ ಹೆದರಿಕೆಯಾಯಿತು. ಹೊಸ್ತಿಲ ಬಳಿ ಬೂದಿ ಹರಡಿದ. ಹೆಜ್ಜೆ ಮೂಡಲಿಲ್ಲ. ಕೊನೆಗೆ ಪಕ್ಕದ ಮನೆಯ ಕುಂಬಾರನನ್ನು ಕಿಟಕಿಯ ಹೊರಗೆ ಕಾವಲು ಕೂರಿಸಿದ.

ಸಂಜೆ ಕುಂಬಾರ ಮುಖ ತಗ್ಗಿಸಿ ಹೇಳಿದ: “ಯಾರೂ ಬರಲಿಲ್ಲ ಕಣಣ್ಣಾ. ಮಧ್ಯಾಹ್ನ ನೀನೇ ಬಾಗಿಲ ಕಡೆ ತಿರುಗಿ, ‘ಗಂಜಿ ಅಲ್ಲೇ ಇಡು, ಬಂದೆ’ ಅಂದೆ. ಕೈ ಒಂದು ಗಳಿಗೆ ನಿಂತಿತು.”

ಹರಳುಗಾರನಿಗೆ ಅದು ನೆನಪೇ ಇರಲಿಲ್ಲ. ಹೆಂಡತಿ ಬದುಕಿದ್ದಾಗ ಗಂಜಿ ತರುತ್ತಿದ್ದುದು ಆ ಹೊತ್ತಿಗೇ. ಅವನು ಬಹಳ ಅತ್ತ. ಆದರೂ ಹಟ ಬಿಡಲಿಲ್ಲ. ತನ್ನ ಕೈಯನ್ನು ಇನ್ನು ನಂಬಬಾರದೆಂದು ಕಾಲುವೆಯ ನೀರಿಗೆ ಚಕ್ರ ಕಟ್ಟಿ, ಹಗ್ಗ ಎಳೆದು, ಅದರಿಂದಲೇ ಬೀಜ ತಿರುಗುವಂತೆ ಮಾಡಿದ. ಬೆಳೆಯುವ ಹರಳಿನ ಮೇಲೆ ಕಣ್ಣು ನೆಟ್ಟು ಕೂತ. ಮಧ್ಯಾಹ್ನಗಳು ಬಂದು ಹೋದದ್ದೂ ತಿಳಿಯಲಿಲ್ಲ.

ಈ ಸಲ ಹರಳಿನಲ್ಲಿ ಒಂದೂ ಗೆರೆಯಿರಲಿಲ್ಲ. ಕುಂಬಾರನಿಗೆ ತೋರಿಸಲು ಎತ್ತಿಕೊಂಡು ಓಡಿದವನು ಹೊಸ್ತಿಲ ಹತ್ತಿರ ನಿಂತುಬಿಟ್ಟ. ಬೂದಿಯಲ್ಲಿ ಬರಿಗಾಲಿನ ಹೆಜ್ಜೆಗಳಿದ್ದವು. ಕಾಲುಂಗುರ ಒತ್ತಿದ ಗುರುತೂ ಇತ್ತು. ಒಳಗೆ ಬಂದದ್ದು ಒಂದೂ ಇಲ್ಲ, ಎಲ್ಲವೂ ಹೊರಗೆ ಹೋದವೇ.

ಗುರುಗಳು ಶಿಷ್ಯನ ಮುಖ ನೋಡಿದರು.

“ಹೇಳಪ್ಪ, ದಿನವೂ ಬರುವ ನಿನ್ನವರನ್ನು ಯಾವತ್ತು ಕಳಿಸೋಣ?”