ಬಾಗಿಲ ಹಿಂದಿನ ಆಟ

"ಅಜ್ಜಾರೇ, ಆಸೆ ತೋರಿಸಿ ಕೊಡದೆ ಹೋಗುವುದು ಮೋಸವಲ್ಲವೇ?"

ಕೇಳಿದವನು ಸೋಮನಿಂಗ. ಮಠದ ಪ್ರಸಾದ ನಿಲಯದಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಸುತ್ತಲಿನ ಊರಿನವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಸೋಮನಿಂಗ ಪಂಕ್ತಿಗೆ ಬಂದಿರಲಿಲ್ಲ.

"ಯಾರಪ್ಪಾ ಮೋಸ ಮಾಡಿದವರು?" ಎಂದರು ಗುರುಗಳು.

ಸೋಮನಿಂಗ ಎಲ್ಲವನ್ನೂ ಹೇಳಿದ. ವಿಡಿಯೊ ಗೇಮ್ ತಯಾರಿಸುವ ಒಂದು ಕಂಪನಿಯಿದೆ. ಮುಂದೆ ಬರಲಿರುವ ತನ್ನ ಆಟಗಳನ್ನು ಅದು ವರ್ಷಕ್ಕೊಂದು ಸಲ ಸಾಲಾಗಿ ಘೋಷಿಸುತ್ತದೆ. ಲೋಕದ ತುಂಬ ಜನ ಅದನ್ನು ಮೊಬೈಲಿನಲ್ಲಿ, ಟೀವಿಯಲ್ಲಿ ಕೂತು ನೋಡುತ್ತಾರೆ. ಆ ಕಂಪನಿಯ ಒಂದು ಆಟದ ಎರಡು ಭಾಗಗಳನ್ನು ಚಿಕ್ಕಂದಿನಲ್ಲಿ ಅವನೂ ಅವನ ಅಕ್ಕನೂ ಜೊತೆಯಾಗಿ ಆಡಿ ಮುಗಿಸಿದ್ದರು. ಮೂರನೆಯದು ಬಂದಾಗ ಮತ್ತೆ ಕೂಡಿ ಆಡೋಣ ಎಂದು ಮಾತಾಡಿಕೊಂಡಿದ್ದರು. ಅಕ್ಕ ಮದುವೆಯಾಗಿ ಬೇರೆ ಊರು ಸೇರಿದಳು. ಮೂರನೆಯದು ಬರಲೇ ಇಲ್ಲ. ಈ ಸಲದ ಜಾಹೀರಾತಿನ ಮೂಲೆಯಲ್ಲಿ ಒಂದು ಕಂದೀಲು ಕಂಡಿತ್ತು. ಹಳೆಯ ಆಟದ ನಾಯಕನ ಕೈಯಲ್ಲೂ ಕಂದೀಲಿತ್ತು. ಇನ್ನೇನು ಬೇಕು! ಬಂತು ಎಂದೇ ಎಲ್ಲರೂ ಕುಣಿದರು. ನಿನ್ನೆ ಕಾರ್ಯಕ್ರಮ ಮುಗಿಯಿತು. ಬೇರೆ ಆಟಗಳು ಬಂದವು. ಅದು ಮಾತ್ರ ಬರಲಿಲ್ಲ.

"ಮೂಗಿಗೆ ತುಪ್ಪ ಸವರಿ ಕಳಿಸಿದರು, ಅಜ್ಜಾರೇ. ನಾನೂ ಬಿಡಲಿಲ್ಲ. ಬಾಯಿಗೆ ಬಂದಂತೆ ಬೈದು ಬರೆದೆ. ನಾನೊಬ್ಬನೇ ಅಲ್ಲ, ಸಾವಿರಾರು ಜನ ಬರೆದರು."

"ಮೂರನೆಯದು ತರುತ್ತೇವೆ ಎಂದು ಅವರು ಹೇಳಿದ್ದರೇ?"

"ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು."

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಮೊಬೈಲು ಗುಂಯ್‌ಗುಟ್ಟಿತು. ಸೋಮನಿಂಗ ನೋಡಿ, ಮಗುಚಿ ನೆಲದ ಮೇಲಿಟ್ಟ.

"ಯಾರದು?"

"ಅಕ್ಕ. ನಿನ್ನೆಯಿಂದ ಮಾಡುತ್ತಿದ್ದಾಳೆ. ಈ ಸಲ ಬಂದೇ ಬರುತ್ತದೆ, ಬರೆದಿಟ್ಟುಕೋ ಎಂದು ನಾನೇ ಹೇಳಿದ್ದೆ. ಈಗ ಅವಳಿಗೆ ಏನೆಂದು ಹೇಳಲಿ?"

ಗುರುಗಳು ಆ ಮೊಬೈಲನ್ನೊಮ್ಮೆ ನೋಡಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಸೋಮನಿಂಗ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಆಟ ಕಟ್ಟುವವನಿದ್ದ. ಪಗಡೆಯ ಹಾಸಿನಂಥ ಬಟ್ಟೆಯ ಮೇಲೆ ಮನೆಗಳನ್ನು ಬರೆದು, ಬಣ್ಣ ತುಂಬಿ, ಮರದ ಕಾಯಿ ಕೆತ್ತಿ, ಆಡುವ ನಿಯಮವನ್ನೂ ತಾನೇ ಹೂಡುತ್ತಿದ್ದ. ವರ್ಷವಿಡೀ ಅದೇ ಕೆಲಸ. ಬಲಿಪಾಡ್ಯಮಿಯ ಸಂಜೆ ಊರ ಮುಂದಿನ ಕಟ್ಟೆಗೆ ಬಂದು, ಹೊಸ ಆಟಗಳನ್ನು ಒಂದೊಂದಾಗಿ ಬಿಚ್ಚಿ ಹಾಸುತ್ತಿದ್ದ. ಆ ಹೊತ್ತಿಗೆ ಊರಿನಲ್ಲಿ ಯಾರೂ ಮನೆಯೊಳಗೆ ಇರುತ್ತಿರಲಿಲ್ಲ.

ಒಂದು ವರ್ಷ ಅವನು ಕೋಟೆಯಾಟ ಎಂಬುದನ್ನು ತಂದ. ಇಬ್ಬರು ಆಡುವ ಆಟ. ಆದರೆ ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಕೋಟೆಗೆ ಒಂದರ ಒಳಗೊಂದು ಬಾಗಿಲು. ಒಬ್ಬನ ಕಾಯಿ ಬಾಗಿಲು ಹಿಡಿದು ನಿಲ್ಲಬೇಕು, ಇನ್ನೊಬ್ಬನ ಕಾಯಿ ದಾಟಬೇಕು. ಹಿಡಿಯುವವನಿಲ್ಲದೆ ದಾಟುವವನಿಲ್ಲ. ಹಾಗೆ ದಾಟುತ್ತ ಹೋದರೆ ಕೊನೆಗೊಂದು ಕೆಂಪು ಬಾಗಿಲು. ಅದು ಮುಚ್ಚಿತ್ತು. ಅಲ್ಲಿಗೆ ಆಟ ಮುಗಿಯುತ್ತಿತ್ತು.

"ಅದರ ಹಿಂದೆ ಏನಿದೆ?" ಎಂದು ಜನ ಕೇಳಿದರು. ಆಟ ಕಟ್ಟುವವನು ನಕ್ಕು ಸುಮ್ಮನಾದ. ನಕ್ಕದ್ದೇ ತಪ್ಪಾಯಿತು ನೋಡು. ನಕ್ಕನೆಂದರೆ ಏನೋ ಇದೆ ಎಂದರು. ಏನೋ ಇದೆಯೆಂದರೆ ಬಾಗಿಲ ಹಿಂದಿನ ಆಟ ಬರುತ್ತದೆ ಎಂದರು. ಬರುತ್ತದೆ ಎಂದ ಮೇಲೆ ಯಾವಾಗ ಎಂದು ಜಗಳಕ್ಕೆ ಬಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರು ಕೂಸಿಗೆ ಹೆಸರಿಟ್ಟು, ಹೆಸರಿಗಾಗಿ ಬಡಿದಾಡಿದರು.

ಆ ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿಯಿದ್ದ. ಅವನಿಗೊಬ್ಬ ತಮ್ಮ. ಕೋಟೆಯಾಟವನ್ನು ಆ ಅಣ್ಣ ತಮ್ಮ ಆಡಿದ ಹಾಗೆ ಊರಲ್ಲಿ ಇನ್ನಾರೂ ಆಡಿರಲಿಲ್ಲ. ಅಣ್ಣ ಬಾಗಿಲು ಹಿಡಿಯುತ್ತಿದ್ದ, ತಮ್ಮ ದಾಟುತ್ತಿದ್ದ. ಮುಂದಿನ ಬಾಗಿಲಿಗೆ ತಮ್ಮ ಹಿಡಿಯುತ್ತಿದ್ದ, ಅಣ್ಣ ದಾಟುತ್ತಿದ್ದ. ಆಡುತ್ತ ಕೂತರೆ ಅಂಗಡಿಗೆ ಬಂದ ಹೆಂಗಸರು ಕೂಗಿ ಕೂಗಿ ಸಾಕಾಗಬೇಕು.

ಅಂಥ ಅಣ್ಣ ತಮ್ಮಂದಿರಿಗೆ ಒಂದು ದಿನ ಅಂಗಡಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಆಡಬಾರದ್ದನ್ನು ಇಬ್ಬರೂ ಆಡಿದರು. ತಮ್ಮ ಗಂಟು ಕಟ್ಟಿ ಹೊರಟ. ಹೊಸ್ತಿಲು ದಾಟಿದವನು ಒಮ್ಮೆ ತಿರುಗಿ ನಿಂತ.

"ಬಾಗಿಲ ಹಿಂದಿನ ಆಟ ಬಂದರೆ ಹೇಳಿ ಕಳಿಸು ಅಣ್ಣಾ. ಬರುತ್ತೇನೆ."

ಅಷ್ಟು ಹೇಳಿ ಹೊಳೆ ದಾಟಿ ಆಚೆಯ ಊರಿನಲ್ಲಿ ನೆಲೆಸಿದ.

ವ್ಯಾಪಾರಿ ಆ ಮಾತನ್ನು ಸೆರಗಿನ ಗಂಟಿನಂತೆ ಇಟ್ಟುಕೊಂಡ. ತಮ್ಮನನ್ನು ನೋಡದೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಆದರೆ ಸುಮ್ಮಸುಮ್ಮನೆ ಹೋಗಿ ಕರೆದರೆ ಹಿರಿಯನ ಮರ್ಯಾದೆ ಏನಾಗಬೇಕು? ಆಟ ಬರಲಿ, ಆಗ ಕರೆಯುತ್ತೇನೆ ಎಂದುಕೊಂಡ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಪ್ರತಿ ಪಾಡ್ಯಕ್ಕೂ ಕಟ್ಟೆಯ ಮುಂದೆ ಮೊದಲ ಸಾಲಿನಲ್ಲಿ ಅವನೇ ಕೂತಿರುತ್ತಿದ್ದ. ಪ್ರತಿ ಪಾಡ್ಯಕ್ಕೂ ಬೇರೆ ಆಟಗಳು ಬಂದವು. ಅವನು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದು, ಉಣ್ಣದೆ ಮಲಗುತ್ತಿದ್ದ.

"ಅಲ್ಲಾ, ತಮ್ಮನನ್ನು ಕರೆಯುವುದಕ್ಕೆ ಆಟ ಯಾಕೆ ಬೇಕು?" ಎಂದಳು ಹೆಂಡತಿ. "ಹಬ್ಬವಿದೆ, ಹೋಳಿಗೆ ಮಾಡಿದ್ದೇನೆ. ಬಾ ಎಂದರೆ ಬರುವುದಿಲ್ಲವೇ?"

"ನಿನಗೆ ಇದೆಲ್ಲ ತಿಳಿಯುವುದಿಲ್ಲ," ಎಂದ ವ್ಯಾಪಾರಿ.

ಇನ್ನೊಂದು ಹಬ್ಬ ಹತ್ತಿರ ಬಂತು. ಆಟ ಕಟ್ಟುವವನ ಮನೆಯ ಬಚ್ಚಲ ನೀರು ಬೀದಿಯ ಗಟಾರಕ್ಕೆ ಬರುತ್ತಿತ್ತು. ಅವನು ಬಣ್ಣದ ಕುಂಚಗಳನ್ನು ತೊಳೆಯುವುದೂ ಅದೇ ಬಚ್ಚಲಿನಲ್ಲಿ. ಹೊಸ ಆಟ ಏನಿರಬಹುದು ಎಂದು ಊರಿನವರು ಗಟಾರದ ಬಣ್ಣ ನೋಡಿ ಹೇಳುವ ರೂಢಿ ಮಾಡಿಕೊಂಡಿದ್ದರು. ಹಸಿರು ಬಂದರೆ ಕಾಡಿನ ಆಟ, ನೀಲಿ ಬಂದರೆ ನೀರಿನ ಆಟ. ನಗಬೇಡ. ನಿನ್ನ ಕಂದೀಲಿಗಿಂತ ಅದೇನೂ ಕಡಿಮೆಯಲ್ಲ.

ಆ ವರ್ಷ ಗಟಾರದಲ್ಲಿ ಕೆಂಪು ನೀರು ಹರಿಯಿತು.

ಊರಿಗೆ ಊರೇ ಗಟಾರದ ಬದಿಗೆ ಬಂದು ನಿಂತಿತು. ಅದೇ ಕೆಂಪು, ಬಾಗಿಲಿನ ಕೆಂಪು ಎಂದರು ಹಿರಿಯರು. ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದವರಿದ್ದರು. ಒಬ್ಬ ನೆಕ್ಕಿಯೂ ನೋಡಿದ ಎನ್ನುತ್ತಾರೆ, ಅದನ್ನು ನಾನು ನಂಬುವುದಿಲ್ಲ. ಬಳೆ ವ್ಯಾಪಾರಿ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ನೇರವಾಗಿ ಹೊಳೆಯ ದಂಡೆಗೆ ಓಡಿ ದೋಣಿಯವನ ಕೈ ಹಿಡಿದುಕೊಂಡ.

"ನನ್ನ ತಮ್ಮನಿಗೆ ಹೇಳು. ಬಾಗಿಲ ಹಿಂದಿನ ಆಟ ಬಂತು, ಅಣ್ಣ ಬಾ ಎಂದ ಎಂದು ಹೇಳು."

ಮರುದಿನ ದೋಣಿಯವನು ಉತ್ತರ ತಂದ. ಪಾಡ್ಯದ ಸಂಜೆ ಬರುತ್ತೇನೆ ಎಂದು ತಮ್ಮ ಹೇಳಿ ಕಳಿಸಿದ್ದ.

ಪಾಡ್ಯ ಬಂತು. ವ್ಯಾಪಾರಿ ಅಟ್ಟದಿಂದ ಹಳೆಯ ಹಾಸನ್ನು ಇಳಿಸಿ ಧೂಳು ಕೊಡವಿದ. ಹೆಂಡತಿ ಪಾಡ್ಯದ ಪದ್ಧತಿಯಂತೆ ಸಗಣಿಯಲ್ಲಿ ಪಾಂಡವರ ಗೊಂಬೆ ಮಾಡಿ, ಹೊಸ್ತಿಲ ಎರಡೂ ಬದಿಗಿಟ್ಟು ಹೂ ಮುಡಿಸಿದಳು. ಹೊತ್ತು ಇಳಿಯುವ ಮುಂಚೆಯೇ ವ್ಯಾಪಾರಿ ಕಟ್ಟೆಯ ಮುಂದೆ ಕೂತ. ಒಂದು ಕಣ್ಣು ಕಟ್ಟೆಯ ಮೇಲೆ, ಒಂದು ಕಣ್ಣು ಹೊಳೆಯ ದಾರಿಯ ಮೇಲೆ.

ಆಟ ಕಟ್ಟುವವನು ಮೊದಲ ಹಾಸು ಬಿಚ್ಚಿದ. ಕೋಳಿ ಮತ್ತು ನರಿಯ ಆಟ. ಜನ ನಕ್ಕರು. ದೊಡ್ಡದನ್ನು ಕೊನೆಗೆ ಇಟ್ಟುಕೊಂಡಿದ್ದಾನೆ ಎಂದರು. ಎರಡನೆಯ ಹಾಸು ಬಿಚ್ಚಿದ. ಹೊಳೆ ದಾಟುವ ದೋಣಿಯ ಆಟ. ಒಳ್ಳೆಯ ಆಟವಪ್ಪಾ ಅದು. ಆ ದಂಡೆಯ ಕಾಯಿ ಈ ದಂಡೆಗೆ, ಈ ದಂಡೆಯ ಕಾಯಿ ಆ ದಂಡೆಗೆ. ಎಷ್ಟು ಅಂದವಾಗಿ ಬರೆದಿದ್ದ! ಯಾರೂ ಅದರ ಕಡೆ ಸರಿಯಾಗಿ ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಚೀಲದ ಮೇಲಿತ್ತು.

ಆಟ ಕಟ್ಟುವವನು ಚೀಲ ಮಡಿಸಿ ಕೈಮುಗಿದ.

"ಇಷ್ಟೇ," ಎಂದ.

ಜನ ಏಳಲಿಲ್ಲ. ಸುಮ್ಮನೆ ಹೇಳುತ್ತಿದ್ದಾನೆ ಎಂದುಕೊಂಡರು. ಅವನು ಇನ್ನೊಮ್ಮೆ ಇಷ್ಟೇ ಎಂದ. ಆಗ ಗದ್ದಲ ಎದ್ದಿತು. ಕಳ್ಳ ಎಂದರು, ಸೊಕ್ಕು ಬಂದಿದೆ ಎಂದರು. ಹಿಂದಿನಿಂದ ಯಾರೋ ಚಪ್ಪಲಿ ಎಸೆದರು. ಬಳೆ ವ್ಯಾಪಾರಿ ಹೊಳೆಯ ದಾರಿಯ ಕಡೆ ನೋಡಿದ. ತಮ್ಮ ಬರುತ್ತಿದ್ದಾನೆ. ಬಂದವನಿಗೆ ಏನೆಂದು ಹೇಳುವುದು? ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವಂತೆ, ಅವನು ಕಟ್ಟೆ ಹತ್ತಿ ಆ ದೋಣಿಯಾಟದ ಹಾಸನ್ನು ಎಳೆದುಕೊಂಡು ಪರ್‍ರೆಂದು ಹರಿದ.

"ಗಟಾರದಲ್ಲಿ ಕೆಂಪು ನೀರು ಬಿಟ್ಟೆಯಲ್ಲೋ, ಯಾಕೆ ಬಿಟ್ಟೆ?" ಎಂದು ಕಿರುಚಿದ.

ಆಟ ಕಟ್ಟುವವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನೆನಪಾಯಿತು.

"ಅಯ್ಯೋ, ಅದು ನನ್ನ ಹೆಂಡತಿಯ ಸೀರೆ. ಹೊಸದು. ಮೊದಲ ಸಲ ಒಗೆದಳು, ಬಣ್ಣ ಬಿಟ್ಟಿತು."

ಯಾರೂ ನಗಲಿಲ್ಲ. ಅವನು ಬಗ್ಗಿ ಹರಿದ ಹಾಸಿನ ಎರಡು ತುಂಡುಗಳನ್ನು ಎತ್ತಿಕೊಂಡ.

"ಆ ಬಾಗಿಲ ಹಿಂದೆ ಏನಿದೆಯೆಂದು ನನಗೂ ಗೊತ್ತಿಲ್ಲಪ್ಪಾ. ಗೊತ್ತಿಲ್ಲದ್ದಕ್ಕೇ ಮುಚ್ಚಿ ಬರೆದೆ. ಬರುತ್ತದೆ ಎಂದು ನಾನು ಯಾವತ್ತು ಹೇಳಿದ್ದೆ?"

ವ್ಯಾಪಾರಿ ಕಟ್ಟೆ ಇಳಿದು ಬಿರಬಿರನೆ ಮನೆಯ ಕಡೆ ನಡೆದ. ಹೊಸ್ತಿಲು ದಾಟುವಾಗ ಪಾಂಡವರನ್ನು ತುಳಿದದ್ದೂ ಅವನಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದ.

"ತಮ್ಮ ಬಂದರೆ ನಾನು ಊರಲ್ಲಿಲ್ಲ ಎನ್ನು," ಎಂದ ಹೆಂಡತಿಗೆ.

"ಬಂದವನನ್ನು ಬಾಗಿಲಿಂದ ಕಳಿಸುತ್ತೀರಾ?"

"ಆಟ ಬಂತು ಎಂದು ಕರೆದಿದ್ದೇನೆ. ಬರಲಿಲ್ಲ. ಸುಳ್ಳು ಹೇಳಿ ಕರೆಸಿಕೊಂಡ ಎನ್ನುತ್ತಾನೆ. ಯಾವ ಮುಖ ತೋರಿಸಲಿ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತಳು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತಮ್ಮ ಬಂದಿದ್ದ. ಕಟ್ಟೆ ದಾರಿಯಲ್ಲೇ ಇತ್ತು, ಗದ್ದಲ ಕಿವಿಗೆ ಬೀಳುತ್ತಲೂ ಇತ್ತು. ಅವನು ಅತ್ತ ತಿರುಗಿಯೂ ನೋಡಿರಲಿಲ್ಲ. ದೋಣಿ ಇಳಿದವನು ನೇರ ಮನೆಗೇ ಬಂದಿದ್ದ.

"ಅಣ್ಣಾ, ನಾನು. ಬಾಗಿಲು ತೆಗೆ."

ವ್ಯಾಪಾರಿ ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಎದ್ದ. ಬಾಗಿಲ ಹತ್ತಿರ ಬಂದ. ಅಗುಳಿಯ ಮೇಲೆ ಕೈಯಿಟ್ಟ. ಏನೆಂದು ಹೇಳಲಿ ಎಂದು ಅಲ್ಲೇ ನಿಂತ.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿ, ಹೊದ್ದ ಶಾಲನ್ನು ಸರಿಮಾಡಿಕೊಂಡರು.

ಮುಂದಿನದಕ್ಕೆ ಸೋಮನಿಂಗ ಕಾದ. ನೆಲದ ಮೇಲೆ ಮಗುಚಿಟ್ಟಿದ್ದ ಮೊಬೈಲು ಮತ್ತೆ ಗುಂಯ್‌ಗುಟ್ಟಿತು. ಅವನ ಮನಸ್ಸು ಇನ್ನೂ ಆ ಕಟ್ಟೆಯ ಹತ್ತಿರವೇ ಇತ್ತು. ಅವನು ಮೊಬೈಲಿನ ಕಡೆ ನೋಡಲಿಲ್ಲ.

"ಹಾಗಾದರೆ ಅಜ್ಜಾರೇ, ಬಾಗಿಲ ಹಿಂದಿನ ಆಟವನ್ನು ಅವನು ಕಟ್ಟಲೇ ಇಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ತಮ್ಮ ಇನ್ನೂ ಹೊರಗೇ ನಿಂತು ಬಾಗಿಲು ಬಡಿಯುತ್ತಿದ್ದಾನೆ, ನೀನು ಆಟ ಕೇಳುತ್ತೀಯಲ್ಲೋ."