ಬೀಗ ಮುರಿಯದ ಕಳ್ಳ

"ಮೂರು ಒಗಟು ಬಿಡಿಸಿದವನಿಗೆ ಮಂತ್ರಿ ಪದವಿ, ತಪ್ಪಿದವನಿಗೆ ತಲೆದಂಡ!" ಉಬಂಗಿ ಹೊಳೆಯ ಎರಡೂ ದಡದಲ್ಲಿ ಹೀಗಂತ ಡಂಗುರ ಸಾರಿತು. ಸಾರಿಸಿದವನು ಕೆಂಬೆ ಅರಸ. ನಾಡಿನ ಉಪ್ಪನ್ನೆಲ್ಲ ತನ್ನ ಉಗ್ರಾಣಕ್ಕೆ ತುಂಬಿ ಬೀಗ ಜಡಿದ ಪುಣ್ಯಾತ್ಮ! ವರ್ಷದಿಂದ ಜನ ಸಪ್ಪೆ ಉಣ್ಣುತ್ತಿದ್ದರು.

ಮಂತ್ರಿಯಾದರೆ ಆ ಬೀಗ ತೆಗೆಸಬಹುದು ಅಂದುಕೊಂಡು ದೊಕೋ ಅನ್ನುವ ಅಂಬಿಗ ಹೊರಟ. ಅವನವ್ವ ಬಾಗಿಲಿಗೆ ಅಡ್ಡ ನಿಂತಳು. ಸಪ್ಪೆಯನ್ನೇ ಉಂಡೇವು, ತಲೆ ಉಳಿಸಿಕೋ ಮಗನೇ ಅಂತ ಅತ್ತಳು. ಅವನಿಗೂ ಹೆದರಿಕೆಯಿತ್ತು, ಇಲ್ಲ ಅಂದರೆ ಸುಳ್ಳಾದೀತು.

ಅವಸರದವನನ್ನು ಕೊಂದು ತಾಳ್ಮೆಯವನನ್ನು ಸಾಕುವುದು ಯಾವುದು ಅಂತ ಅರಮನೆಯಲ್ಲಿ ನೆರೆದವರನ್ನು ಅರಸ ಮೊದಲು ಕೇಳಿದ. ಪಂಡಿತನೊಬ್ಬ ಗಡ್ಡ ನೀವಿಕೊಂಡು ಬೆಂಕಿ ಅಂದ, ತಲೆದಂಡದ ದಿನ ಕಾಯುತ್ತ ಸೆರೆಮನೆ ಸೇರಿದ. ದೊಕೋ ಕಹಿ ಮರಗೆಣಸು ಅಂದ. ಮೂರು ದಿನ ಹೊಳೆಯಲ್ಲಿ ನೆನೆಸಿದರೆ ಊಟ, ಇಲ್ಲದಿದ್ದರೆ ವಿಷ. ಎರಡೂ ದಡಕ್ಕೆ ನೆಂಟ, ಯಾವ ದಡದಲ್ಲೂ ಮನೆಯಿಲ್ಲ, ಯಾರು ಅಂತ ಎರಡನೆಯದು. ವ್ಯಾಪಾರಿಯೊಬ್ಬ ಮೊಸಳೆ ಅಂದು ಪಂಡಿತನ ಜೊತೆಗಾರನಾದ. ದೋಣಿ ಅನ್ನಲು ದೊಕೋಗೆ ಯೋಚನೆಯೇ ಬೇಕಾಗಲಿಲ್ಲ.

ಮೂರನೆಯದಕ್ಕೆ ಅರಸನ ದನಿ ಕುಗ್ಗಿತು.

"ನನ್ನ ಉಗ್ರಾಣಕ್ಕೆ ಒಂದೇ ಬಾಗಿಲು, ಕೀಲಿ ನನ್ನ ಸೊಂಟದಲ್ಲಿ. ಮೂರು ಸಲ ಕಾವಲಿನವರನ್ನು ಸೆರೆಗೆ ಹಾಕಿದೆ. ಆದರೂ ಉಪ್ಪು ಕಡಿಮೆಯಾಗುತ್ತಲೇ ಇದೆ. ಕಳ್ಳ ಯಾರು?"

ದೊಕೋ ಆ ಬಾಗಿಲು ನೋಡಬೇಕು ಅಂದ. ಹೊಸ್ತಿಲು ಒದ್ದೆಯಾಗಿತ್ತು. ಬೆರಳದ್ದಿ ನೆಕ್ಕಿದ.

"ಕಳ್ಳ ಹೊಳೆಯ ತೇವದ ಗಾಳಿ, ದೊರೆ. ನಾವು ಉಪ್ಪನ್ನು ಎಲೆಯಲ್ಲಿ ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತೇವೆ, ಬಿಸಿಗೆ ಒಣಗಿರುತ್ತದೆ. ಇಲ್ಲಿ ಒಲೆ ಎಲ್ಲಿದೆ?"

ಬಾಗಿಲು ತೆಗೆದರೆ ನೆಲವೆಲ್ಲ ಉಪ್ಪುನೀರು, ರಾಶಿ ಅರ್ಧಕ್ಕಿಳಿದಿತ್ತು. ಪಾಪ, ಹುಟ್ಟಿದಾಗಿನಿಂದ ಅಡುಗೆಮನೆ ಕಾಣದ ಅರಸ! ಅಲ್ಲೇ ಕುಸಿದು ಕೂತ. ಈ ಒಗಟಿಗೆ ಉತ್ತರ ತನಗೂ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡ.

ಮಂತ್ರಿಯಾದ ದೊಕೋ ಅಂದೇ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ಉಳಿದ ಉಪ್ಪನ್ನು ಒಲೆಗೊಂದು ಪೊಟ್ಟಣದಂತೆ ಹಂಚೋಣ ಅಂದ.

ಅರಸ ತಡೆದ. "ಹಂಚಿಬಿಟ್ಟರೆ ನನಗೆ ಬೇಕಾದಾಗ ಯಾರು ಕೊಡುತ್ತಾರೆ?"

"ಕೇಳಿ ನೋಡಿ, ದೊರೆ."

ಅರಸ ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಅಂದ. ಮುಂದಿನ ಮಳೆಗಾಲಕ್ಕೆ ಅರಮನೆಯಲ್ಲಿ ಉಪ್ಪು ಮುಗಿಯಿತು. ಅರಸ ನಾಚಿಕೊಂಡೇ ಹೇಳಿಕಳಿಸಿದ. ಸಂಜೆಯೊಳಗೆ ಊರೂರಿನ ಹೆಂಗಸರು ಚಿಟಿಕೆ ಚಿಟಿಕೆ ತಂದು ಸುರಿದರು. ಎಲ್ಲರಿಗಿಂತ ಮೊದಲು ಬಂದವಳು ದೊಕೋನ ಅವ್ವ.